ಕಂದು ಹಾಕುವ ಹಸು, ಬಿಟ್ಟು ಬಿಟ್ಟು ಬರುವ ಜ್ವರ



ಏಳು ತಿಂಗಳ ಗಬ್ಬದ ಹಸು ಒಂದು ಬೆಳಿಗ್ಗೆ ಕಂದು ಹಾಕಿತೆಂದರೆ ಮನೆಗೆ ಆಗುವ ನಷ್ಟವೆಷ್ಟೆಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕರು ಹೋಯಿತು. ಬರಬೇಕಾದ ಹಾಲು ಹೋಯಿತು. ಹಸು ಮತ್ತೆ ಬೆದೆಗೆ ಬಂದು, ಗಬ್ಬ ನಿಂತು, ಈಯುವವರೆಗೆ ಹಾಕುವ ಹುಲ್ಲು ಹಿಂಡಿ ಎಲ್ಲವೂ ಕೈಯಿಂದ ಹೋಗುವ ಹಣ. ಇಂಥ ಸಮಯದಲ್ಲಿ ಅಕ್ಕಪಕ್ಕದವರು ಬಂದು ತಲೆಗೊಂದು ಕಾರಣ ಹೇಳುತ್ತಾರೆ. ದೃಷ್ಟಿ ತಗುಲಿದೆ ಎನ್ನುವವರು ಕೆಲವರು. ಪಕ್ಕದ ಎಮ್ಮೆ ಗುದ್ದಿರಬೇಕು ಎನ್ನುವವರು ಕೆಲವರು. ಉಷ್ಣವಾಯಿತು ಎನ್ನುವವರು ಇನ್ನು ಕೆಲವರು. ಗುದ್ದಿದರೆ ಕಂದು ಬೀಳುವುದೂ ಉಂಟು. ಆದರೆ ಅದೇ ಕೊಟ್ಟಿಗೆಯಲ್ಲಿ ಕೆಲವು ತಿಂಗಳೊಳಗೆ ಎರಡನೆಯ ಹಸುವೂ, ಬೀದಿಯ ಆಚೆ ಬದಿಯಲ್ಲಿ ಮೂರನೆಯದೂ ಕಂದು ಹಾಕಿದರೆ ಅದನ್ನು ಎಮ್ಮೆಯ ಮೇಲೆ ಹೊರಿಸುವಂತಿಲ್ಲ.

ಇನ್ನೊಂದು ಸಂಗತಿಯನ್ನೂ ಇದರ ಜೊತೆಗೆ ಇಟ್ಟು ನೋಡಬೇಕು. ಕಂದು ಬಿದ್ದಾಗ ಬರಿಗೈಯಲ್ಲಿ ಅದನ್ನು ಎತ್ತಿ ಹಾಕಿದವನಿಗೆ, ಕೊಟ್ಟಿಗೆ ಬಳಿದ ಹೆಂಗಸಿಗೆ, ನೊರೆ ಹಾಲು ಕುಡಿದ ಹುಡುಗನಿಗೆ ಕೆಲವು ವಾರಗಳ ಮೇಲೆ ಜ್ವರ ಕಾಣಿಸಿಕೊಳ್ಳಬಹುದು. ಸಂಜೆಯಾದರೆ ಮೈ ಬಿಸಿ, ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರು, ಸೊಂಟದಲ್ಲಿ ಕೀಲುಗಳಲ್ಲಿ ನೋವು. ಕೆಲವು ದಿನ ಬಿಟ್ಟಂತಾಗುತ್ತದೆ, ಮತ್ತೆ ಬರುತ್ತದೆ. ಮಲೇರಿಯ ಎಂದು ಮಾತ್ರೆ, ಟೈಫಾಯಿಡ್ ಎಂದು ಇನ್ನಷ್ಟು ಮಾತ್ರೆ. ಹಸುವಿನ ಕಾಯಿಲೆಗೂ ಮನೆಯವನ ಜ್ವರಕ್ಕೂ ಕಾರಣ ಒಂದೇ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ನಮಗೆ ಹೊಳೆಯದಿದ್ದುದರಲ್ಲಿ ಆಶ್ಚರ್ಯವಿಲ್ಲ. ಲೋಕದ ದೊಡ್ಡ ದೊಡ್ಡ ವಿದ್ವಾಂಸರಿಗೇ ಇದು 1917ರವರೆಗೆ ಹೊಳೆದಿರಲಿಲ್ಲ. ಹೊಳೆಸಿಕೊಟ್ಟವರು ಅಮೇರಿಕದ ಒಬ್ಬ ಒಕ್ಕಲಿನ ಮಗಳು. ಆ ಕಥೆಯನ್ನು ಸ್ವಲ್ಪ ವಿವರವಾಗಿಯೇ ತಿಳಿಯುವುದು ಒಳ್ಳೆಯದು. ಏಕೆಂದರೆ ಕಥೆ ತಿಳಿದರೆ ಮಾಡಬೇಕಾದ ಕೆಲಸ ತಾನಾಗಿಯೇ ತಿಳಿಯುತ್ತದೆ.

ಕಥೆಯ ಮೊದಲ ಭಾಗ ನಡೆದದ್ದು ಮೆಡಿಟರೇನಿಯನ್ ಸಮುದ್ರದ ನಡುವೆ ಇರುವ ಮಾಲ್ಟಾ ಎಂಬ ಪುಟ್ಟ ದ್ವೀಪದಲ್ಲಿ. ಅಲ್ಲಿ ಆಗ ಬ್ರಿಟಿಷರ ಸೇನೆ ಇತ್ತು. ಸಿಪಾಯಿಗಳು ವಿಚಿತ್ರವಾದ ಒಂದು ಜ್ವರಕ್ಕೆ ಸಿಕ್ಕಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗುತ್ತಿದ್ದರು. ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯರು ಈ ಜ್ವರದಿಂದ ಸತ್ತವರ ಗುಲ್ಮದಲ್ಲಿ ಒಂದು ಸೂಕ್ಷ್ಮಾಣುವನ್ನು ಕಂಡುಹಿಡಿದು 1887ರಲ್ಲಿ ಪ್ರಕಟಿಸಿದರು. ಕ್ರಿಮಿ ಸಿಕ್ಕಿತು, ಆದರೆ ಅದು ಎಲ್ಲಿಂದ ಬರುತ್ತದೆಂಬುದು ಮಾತ್ರ ಮುಂದೆ ಹದಿನೆಂಟು ವರ್ಷ ಗೊತ್ತಾಗಲಿಲ್ಲ. ಗಾಳಿಯೇ, ನೀರೇ, ಸೊಳ್ಳೆಯೇ ಎಂದು ಹುಡುಕಿದರು.

ಮಾಲ್ಟಾದ ಊರುಗಳಲ್ಲಿ ಮೇಕೆಗಳನ್ನು ಬೀದಿಯಲ್ಲಿ ಹೊಡೆದುಕೊಂಡು ಬಂದು, ಕೇಳಿದವರ ಬಾಗಿಲಲ್ಲೇ ಪಾತ್ರೆಗೆ ಕರೆದುಕೊಡುವ ರೂಢಿ ಇತ್ತು. ಕಣ್ಣೆದುರಿಗೇ ಕರೆದ ಹಾಲಿಗಿಂತ ಶುದ್ಧವಾದದ್ದು ಬೇರೆ ಇದೆಯೇ? ನೀರು ಬೆರೆಸಿಲ್ಲವೆಂಬುದೇನೋ ನಿಜ. 1905ರಲ್ಲಿ ಆ ದ್ವೀಪದವರೇ ಆದ ಥೆಮಿಸ್ಟೋಕ್ಲಿಸ್ ಜಮ್ಮಿಟ್ ಎಂಬ ವೈದ್ಯರು ಕೆಲವು ಮೇಕೆಗಳ ರಕ್ತ ತೆಗೆದು ಪರೀಕ್ಷಿಸಿದರು. ನೋಡಲು ದಷ್ಟಪುಷ್ಟವಾಗಿದ್ದ ಆ ಮೇಕೆಗಳಲ್ಲೇ ರೋಗದ ಗುರುತು ಕಂಡಿತು. ಹಾಲಿನಲ್ಲಿ ಕ್ರಿಮಿಯೇ ಸಿಕ್ಕಿತು. ಅದೇ ವರ್ಷ ಮಾಲ್ಟಾದಿಂದ ಹಿಂಡು ಮೇಕೆಗಳನ್ನು ತುಂಬಿಕೊಂಡು ಅಮೇರಿಕಕ್ಕೆ ಹೊರಟ ಹಡಗಿನಲ್ಲಿ ಹಸಿ ಹಾಲು ಕುಡಿದ ಹಲವರು ಜ್ವರಕ್ಕೆ ಬಿದ್ದರು. 1906ರಲ್ಲಿ ಸಿಪಾಯಿಗಳಿಗೆ ಮೇಕೆ ಹಾಲು ಕೊಡುವುದನ್ನು ನಿಲ್ಲಿಸಿದರು. ಸೇನೆಯಲ್ಲಿ ಜ್ವರ ಥಟ್ಟನೆ ಇಳಿದುಹೋಯಿತು. ಊರಿನ ಜನ ಮಾತ್ರ ಹಳೆಯ ಪದ್ಧತಿ ಬಿಡಲಿಲ್ಲ. ಅವರಲ್ಲಿ ಜ್ವರವೂ ಬಿಡಲಿಲ್ಲ.

ಇದೇ ಕಾಲಕ್ಕೆ ಡೆನ್ಮಾರ್ಕ್ ದೇಶದಲ್ಲಿ ಬರ್ನ್‌ಹಾರ್ಡ್ ಬಾಂಗ್ ಎಂಬ ಪಶುವೈದ್ಯರು ಹಸುಗಳು ಕಂದು ಹಾಕುವುದಕ್ಕೆ ಕಾರಣವಾದ ಒಂದು ಕ್ರಿಮಿಯನ್ನು 1897ರಲ್ಲೇ ಕಂಡುಹಿಡಿದಿದ್ದರು. ಅದು ಹಸುವಿನ ಶತ್ರು. ಇದು ಮೇಕೆಯ ಮತ್ತು ಮನುಷ್ಯನ ಶತ್ರು. ಬ್ರೂಸರು ತಾವು ಕಂಡದ್ದನ್ನು ಗುಂಡಗಿನ ಜಾತಿಯ ಕ್ರಿಮಿಗಳ ಪಂಕ್ತಿಯಲ್ಲಿ ಕೂರಿಸಿದ್ದರು, ಬಾಂಗರು ತಮ್ಮದನ್ನು ಕಡ್ಡಿಯಂಥ ಕ್ರಿಮಿಗಳ ಪಂಕ್ತಿಯಲ್ಲಿ. ಒಂದರ ಪುಸ್ತಕವನ್ನು ಓದುವವರು ವೈದ್ಯರು, ಇನ್ನೊಂದರ ಪುಸ್ತಕವನ್ನು ಓದುವವರು ಪಶುವೈದ್ಯರು. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಹೋಲಿಸಿ ನೋಡುವ ಕೆಲಸವನ್ನು ಇಪ್ಪತ್ತು ವರ್ಷ ಯಾರೂ ಸರಿಯಾಗಿ ಮಾಡಲಿಲ್ಲ.

ಆ ಕೆಲಸ ಮಾಡಿದವರು ಕುಮಾರಿ ಆಲಿಸ್ ಇವಾನ್ಸ್. ಆಕೆ 1881ರಲ್ಲಿ ಅಮೇರಿಕದ ಪೆನ್ಸಿಲ್ವೇನಿಯ ರಾಜ್ಯದ ನೀತ್ ಎಂಬ ಹಳ್ಳಿಯಲ್ಲಿ, ಬೇಸಾಯದ ಮನೆಯಲ್ಲಿ ಹುಟ್ಟಿದವರು. ಓದಿದ್ದು ಹಳ್ಳಿಯ ಶಾಲೆಯಲ್ಲಿ. ಮುಂದೆ ಓದಲು ಹಣವಿಲ್ಲದೆ ನಾಲ್ಕು ವರ್ಷ ಶಾಲೆಯ ಉಪಾಧ್ಯಾಯಿನಿಯಾಗಿದ್ದರು. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಹಳ್ಳಿಯ ಉಪಾಧ್ಯಾಯರಿಗೆಂದೇ ಶುಲ್ಕವಿಲ್ಲದೆ ನಡೆಸುತ್ತಿದ್ದ ಒಂದು ಶಿಕ್ಷಣಕ್ಕೆ ಸೇರಿ, ಅಲ್ಲಿಂದ ವಿಜ್ಞಾನದ ಕಡೆಗೆ ತಿರುಗಿದರು. 1910ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಿಂದ ಸೂಕ್ಷ್ಮಾಣು ಶಾಸ್ತ್ರದಲ್ಲಿ ಎಂ.ಎಸ್. ಪದವಿ ಪಡೆದು, ಸರ್ಕಾರದ ಕೃಷಿ ಇಲಾಖೆಯ ಹೈನು ವಿಭಾಗದಲ್ಲಿ ಕೆಲಸಕ್ಕೆ ನಿಂತರು.

ಆಕೆಗೆ ಒಪ್ಪಿಸಿದ್ದ ಕೆಲಸ ಆಗತಾನೆ ಕರೆದ ಹಾಲಿನಲ್ಲಿ ಯಾವ ಯಾವ ಕ್ರಿಮಿಗಳಿರುತ್ತವೆ ಎಂದು ನೋಡುವುದು. ಹಾಲು ಕೊಳಕಾಗುವುದು ಕೆಚ್ಚಲಿನಿಂದ ಹೊರಗೆ ಬಂದ ಮೇಲೆ, ಕೈಯಿಂದ, ಪಾತ್ರೆಯಿಂದ, ನೊಣದಿಂದ ಎಂದು ಆಗಿನವರ ಭಾವನೆ. ಅದು ಸುಳ್ಳೇನಲ್ಲ. ಆದರೆ ಶುದ್ಧವಾಗಿ ಕರೆದ, ನೋಡಲು ಆರೋಗ್ಯವಾಗಿದ್ದ ಹಸುಗಳ ಹಾಲಿನಲ್ಲೇ ಬಾಂಗರ ಕಂದು ಹಾಕಿಸುವ ಕ್ರಿಮಿ ಸಿಕ್ಕುತ್ತಿತ್ತು. ಕೆಚ್ಚಲಿನೊಳಗೇ ಅದು ಮನೆ ಮಾಡಿಕೊಂಡಿತ್ತು. ಹೀಗಿರುವಾಗ ಎಷ್ಟು ಕೈ ತೊಳೆದರೇನು, ಪಾತ್ರೆ ಬೆಳಗಿದರೇನು?

ಕುಮಾರಿ ಇವಾನ್ಸರು ಬಾಂಗರ ಕ್ರಿಮಿಯನ್ನೂ ಬ್ರೂಸರ ಕ್ರಿಮಿಯನ್ನೂ ಅಕ್ಕಪಕ್ಕ ಬೆಳೆಸಿ ಒಂದೊಂದು ಲಕ್ಷಣವನ್ನೂ ಹೋಲಿಸಿದರು. ಬೇರೆ ಬೇರೆ ಎಂದುಕೊಂಡಿದ್ದ ಎರಡೂ ಒಂದೇ ಮನೆತನದ ದಾಯಾದಿಗಳೆಂದು ಕಂಡಿತು. 1917ರಲ್ಲಿ ಅಮೇರಿಕದ ಸೂಕ್ಷ್ಮಾಣು ಶಾಸ್ತ್ರಜ್ಞರ ಸಂಘದ ಸಭೆಯಲ್ಲಿ ಆಕೆ ಇದನ್ನು ಹೇಳಿದರು, 1918ರಲ್ಲಿ ಅಚ್ಚಾಯಿತು. ಮೇಕೆ ಹಾಲಿನಿಂದ ಮನುಷ್ಯನಿಗೆ ಜ್ವರ ಬರುವುದಾದರೆ, ಹಸುವಿನ ಹಸಿ ಹಾಲಿನಿಂದಲೂ ನಮ್ಮ ದೇಶದ ಜನಕ್ಕೆ ಕಾಯಿಲೆ ಬರುತ್ತಿರಬಾರದೇಕೆ ಎಂಬುದು ಆಕೆ ಎತ್ತಿದ ಪ್ರಶ್ನೆ.

ಸಭೆಯಲ್ಲಿ ಕುಳಿತವರು ನಂಬಲಿಲ್ಲ. ಇದು ನಿಜವಾಗಿದ್ದರೆ ಇಷ್ಟು ದಿನ ಬೇರೆ ಯಾರಿಗಾದರೂ ಕಾಣುತ್ತಿರಲಿಲ್ಲವೇ ಎಂಬುದು ಅವರ ವಾದ. ಆಕೆ ಹೆಂಗಸು, ಡಾಕ್ಟರೇಟ್ ಪದವಿಯೂ ಇಲ್ಲ ಎಂಬುದು ಬಾಯಿಬಿಟ್ಟು ಹೇಳದ ಇನ್ನೊಂದು ವಾದ. ಉಣ್ಣೆಯಿಂದ ದನಗಳಿಗೆ ಜ್ವರ ಹರಡುತ್ತದೆಂದು 1893ರಲ್ಲಿ ತೋರಿಸಿಕೊಟ್ಟು ಜಗತ್ತಿನ ಗೌರವ ಪಡೆದಿದ್ದ ಥಿಯೋಬಾಲ್ಡ್ ಸ್ಮಿತ್‌ರಂಥವರೂ ವರ್ಷಗಟ್ಟಲೆ ಸಂಶಯದಲ್ಲೇ ಇದ್ದರು. ಹಾಲಿನ ವ್ಯಾಪಾರದವರಿಗಂತೂ ಈ ಮಾತು ಬೇಡವಾಗಿತ್ತು. ಹಾಲನ್ನು ಕಾಯಿಸಿ ಮಾರುವುದೆಂದರೆ ಯಂತ್ರಕ್ಕೆ ಹಣ ಹಾಕಬೇಕಲ್ಲ!

ಆಮೇಲೆ ನಿಧಾನವಾಗಿ ಇತರರೂ ಪರೀಕ್ಷೆ ಮಾಡಿ ನೋಡತೊಡಗಿದರು. 1920ರಲ್ಲಿ ಕಾರ್ಲ್ ಮೇಯರ್ ಮತ್ತು ಷಾ ಎಂಬ ವಿಜ್ಞಾನಿಗಳು ಆಕೆಯ ಮಾತನ್ನು ದೃಢಪಡಿಸಿ, ಈ ಕ್ರಿಮಿಗಳ ಕುಲಕ್ಕೆ ಬ್ರೂಸರ ನೆನಪಿಗಾಗಿ ಬ್ರುಸೆಲ್ಲ ಎಂದು ಹೆಸರಿಟ್ಟರು. ರೋಗಕ್ಕೆ ಬ್ರುಸೆಲ್ಲೋಸಿಸ್ ಎಂಬ ಹೆಸರು ಬಂದದ್ದು ಹೀಗೆ. ನಮ್ಮಲ್ಲಿ ಕಂದು ಹಾಕುವ ರೋಗವೆಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ. ಇನ್ಫ್ಲುಯೆಂಜವೆಂದೋ ಮಲೇರಿಯವೆಂದೋ ಬರೆದಿಟ್ಟಿದ್ದ ಜ್ವರಗಳನ್ನು ಡಾಕ್ಟರುಗಳು ಮತ್ತೆ ನೋಡಿದಾಗ, ಎಲ್ಲೆಲ್ಲಿ ಹುಡುಕಿದರೋ ಅಲ್ಲೆಲ್ಲ ಈ ರೋಗ ಸಿಕ್ಕಿತು.

ಇಷ್ಟರಲ್ಲಿ 1922ರಲ್ಲಿ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದಾಗ ಕುಮಾರಿ ಇವಾನ್ಸರಿಗೇ ಆ ಕ್ರಿಮಿ ಅಂಟಿತು. ಮುಂದೆ ಸುಮಾರು ಇಪ್ಪತ್ತು ವರ್ಷ ಅದು ಆಕೆಯನ್ನು ಬಿಟ್ಟು ಬಿಟ್ಟು ಕಾಡಿತು. ಕೆಲವು ತಿಂಗಳು ಚೆನ್ನಾಗಿರುವುದು, ಮತ್ತೆ ಹಾಸಿಗೆ ಹಿಡಿಯುವುದು. ಆಗ ಇದಕ್ಕೆ ಔಷಧವೂ ಇರಲಿಲ್ಲ. ಹೆಚ್ಚಿನ ದುಃಖವೆಂದರೆ, ಇದು ಮೈಯ ಕಾಯಿಲೆಯಲ್ಲ, ಮನಸ್ಸಿನ ಭ್ರಮೆ ಎಂದು ಡಾಕ್ಟರುಗಳೇ ಕೆಲವು ವರ್ಷ ಆಕೆಗೆ ಹೇಳಿದ್ದು. ಆ ಕಾಯಿಲೆಯಲ್ಲಿಯೇ ಆಕೆ ಸಂಶೋಧನೆ ನಡೆಸಿದರು. 1928ರಲ್ಲಿ ಅದೇ ಸೂಕ್ಷ್ಮಾಣು ಶಾಸ್ತ್ರಜ್ಞರ ಸಂಘ ಆಕೆಯನ್ನು ತನ್ನ ಅಧ್ಯಕ್ಷೆಯಾಗಿ ಆರಿಸಿತು. ಆ ಸ್ಥಾನಕ್ಕೆ ಬಂದ ಮೊದಲನೆಯ ಹೆಂಗಸು ಆಕೆ. 1930ರ ದಶಕದಲ್ಲಿ ಅಮೇರಿಕದಲ್ಲಿ ಹಾಲನ್ನು ಹದವಾಗಿ ಕಾಯಿಸಿ ಮಾರುವುದು ಬೆಳೆಯುತ್ತ ಬಂದಿತು. 1975ರಲ್ಲಿ, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡರು.

ಇನ್ನು ನಮ್ಮ ಕೊಟ್ಟಿಗೆಯ ಮಾತಿಗೆ ಬರೋಣ.

ಆ ಕಾಲದ ಅಮೇರಿಕದವರಂತೆ ನಾವು ಹಸಿ ಹಾಲು ಕುಡಿಯುವ ಜನವಲ್ಲ. ಕಾಯಿಸಿಯೇ ಕುಡಿಯುತ್ತೇವೆ, ಕಾಯಿಸಿಯೇ ಹೆಪ್ಪು ಹಾಕುತ್ತೇವೆ. ಗಿಣ್ಣದ ಹಾಲನ್ನೂ ಬೇಯಿಸಿಯೇ ತಿನ್ನುತ್ತೇವೆ. ಇದು ನಮ್ಮ ಹಿರಿಯರು ಬಿಟ್ಟುಹೋದ ದೊಡ್ಡ ಆಸ್ತಿ. ಡೈರಿಗಳಲ್ಲಿ ಹಾಲನ್ನು 72 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ 15 ಸೆಕೆಂಡು ಇಟ್ಟು ತಣಿಸುತ್ತಾರೆ. ಅಷ್ಟಕ್ಕೇ ಬ್ರುಸೆಲ್ಲ ಸಾಯುತ್ತದೆ. ಹಾಗಿರುವಾಗ ಒಲೆಯ ಮೇಲೆ ಚೆನ್ನಾಗಿ ಉಕ್ಕಿದ ಹಾಲಿನಲ್ಲಿ ಅದು ಬದುಕುವ ಮಾತೇ ಇಲ್ಲ.

ಆದರೆ ರೂಢಿಯಲ್ಲಿ ಕೆಲವು ಕಂಡಿಗಳಿವೆ. ಕೆಚ್ಚಲಿನಿಂದ ಕರೆದ ನೊರೆ ಹಾಲು ಬೆಚ್ಚಗಿರುವಾಗಲೇ ಕುಡಿದರೆ ಮೈಗೆ ಕಸುವು ಎಂದು ಗರಡಿಯ ಹುಡುಗರಿಗೆ, ಬಸಿರಿಯರಿಗೆ ಕೊಡುವವರಿದ್ದಾರೆ. ಮಕ್ಕಳಿಗೆ ಮೇಕೆಯ ಹಸಿ ಹಾಲು ಒಳ್ಳೆಯದೆಂದು ಹುಡುಕಿಕೊಂಡು ಹೋಗುವವರಿದ್ದಾರೆ. ಈಚೆಗೆ ಡೆಂಗಿ ಜ್ವರಕ್ಕೂ ಇದೇ ಮದ್ದೆಂಬ ಮಾತು ಪೇಟೆಯವರಲ್ಲೂ ಹಬ್ಬಿದೆ. ಒಂದು ಜ್ವರ ಕಳೆಯಲು ಹೋಗಿ ಇನ್ನೊಂದನ್ನು ಮನೆಗೆ ತಂದಂತೆ! ಮೇಕೆ ಕುರಿಗಳಲ್ಲಿರುವ ಬ್ರುಸೆಲ್ಲ ಜಾತಿ ಹಸುವಿನದಕ್ಕಿಂತಲೂ ಮನುಷ್ಯನಿಗೆ ಕ್ರೂರವಾದದ್ದು. ನಮ್ಮ ಬಿಜಾಪುರದಲ್ಲಿಯೇ 16 ವರ್ಷಗಳ ಅವಧಿಯಲ್ಲಿ ಗುರುತಿಸಿದ 495 ವಯಸ್ಕ ರೋಗಿಗಳ ವಿವರವನ್ನು ಅಲ್ಲಿನ ವೈದ್ಯ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ್ದಾರೆ. ಅದಕ್ಕೆ ಎರಡು ವರ್ಷ ಮುಂಚೆ 93 ಮಕ್ಕಳ ವಿವರವನ್ನೂ ಪ್ರಕಟಿಸಿದ್ದರು. ಮಾಲ್ಟಾ ದ್ವೀಪದ ಜ್ವರ ದೂರದ ಮಾತೇನಲ್ಲ.

ಹಾಲಿಗಿಂತಲೂ ದೊಡ್ಡ ಅಪಾಯ ಕಂದು ಬಿದ್ದ ದಿನದ್ದು. ಈ ಕ್ರಿಮಿ ಗಬ್ಬದ ಹಸುವಿನ ಗರ್ಭಕೋಶದಲ್ಲಿ ಸೇರಿ, ಮಾಸಿನಲ್ಲಿ ಲೆಕ್ಕವಿಲ್ಲದಷ್ಟು ಹೆಚ್ಚುತ್ತದೆ. ಮಾಸು ಕೆಡುತ್ತದೆ, ಕರುವಿಗೆ ಆಹಾರ ನಿಲ್ಲುತ್ತದೆ, ಸಾಮಾನ್ಯವಾಗಿ ಐದು ತಿಂಗಳು ಕಳೆದ ಮೇಲೆ ಕಂದು ಬೀಳುತ್ತದೆ. ಅನೇಕ ವೇಳೆ ಮಾಸು ತಾನಾಗಿ ಬೀಳದೆ ಒಳಗೇ ನಿಲ್ಲುತ್ತದೆ. ಬಿದ್ದ ಕಂದು, ಮಾಸು, ಸೋರುವ ನೀರು ಎಲ್ಲದರಲ್ಲೂ ಕ್ರಿಮಿ ತುಂಬಿರುತ್ತದೆ. ಮಗ್ಗುಲಿನ ಹಸು ಆ ಹುಲ್ಲನ್ನು ಮೂಸಿದರೆ, ನೆಕ್ಕಿದರೆ ಸಾಕು, ಅದಕ್ಕೂ ತಗುಲುತ್ತದೆ. ಮನುಷ್ಯನಿಗೆ ಕೈಯ ಗೀರು ಗಾಯದ ಮೂಲಕ, ಕಣ್ಣಿಗೆ ಸಿಡಿದ ಹನಿಯ ಮೂಲಕ, ಉಸಿರಿನ ಮೂಲಕವೂ ಹೋಗುತ್ತದೆ. ಹಾಲನ್ನು ಎಷ್ಟು ಕಾಯಿಸಿದರೂ ಈ ದಾರಿ ಮುಚ್ಚುವುದಿಲ್ಲ.

ಆದ್ದರಿಂದ ಕಂದು ಬಿದ್ದಾಗ ಬರಿಗೈ ಹಾಕಬಾರದು. ರಬ್ಬರಿನ ಕೈಚೀಲ ಸಿಕ್ಕದಿದ್ದರೆ ತೂತಿಲ್ಲದ ಪ್ಲಾಸ್ಟಿಕ್ ಚೀಲವನ್ನು ಮೊಣಕೈವರೆಗೆ ಕಟ್ಟಿಕೊಳ್ಳಿ. ಮೂಗು ಬಾಯಿಗೆ ಬಟ್ಟೆ ಇರಲಿ. ಬಸಿರಿಯರೂ ಮಕ್ಕಳೂ ಆ ಕಡೆ ಸುಳಿಯಬಾರದು. ನಿಂತ ಮಾಸನ್ನು ನೀವೇ ಎಳೆದು ತೆಗೆಯಲು ಹೋಗಬೇಡಿ, ಪಶುವೈದ್ಯರನ್ನು ಕರೆಸಿ. ಕಂದು, ಮಾಸು, ಅಡಿಯ ಹುಲ್ಲು ಎಲ್ಲವನ್ನೂ ನೀರಿನ ಸೆಲೆಗೆ ದೂರವಾಗಿ ಆಳವಾದ ಗುಂಡಿ ತೋಡಿ, ಮೇಲೆ ಸುಣ್ಣ ಸುರಿದು ಹೂಳಬೇಕು. ತಿಪ್ಪೆಗೆ, ಬೇಲಿಗೆ, ಹಳ್ಳಕ್ಕೆ ಎಸೆದರೆ ನಾಯಿಗಳು ಅದನ್ನು ಊರ ಹೊಲಗಳಿಗೆಲ್ಲ ಎಳೆದಾಡುತ್ತವೆ. ಬಿಸಿಲಿಗೆ ಈ ಕ್ರಿಮಿ ಬೇಗ ಸಾಯುತ್ತದೆ. ತಂಪಿನಲ್ಲಿ, ನೆರಳಿನ ಒದ್ದೆ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಕೊಟ್ಟಿಗೆಯನ್ನು ಸುಣ್ಣದ ನೀರಿನಿಂದಲೋ ಬ್ಲೀಚಿಂಗ್ ಪುಡಿಯ ನೀರಿನಿಂದಲೋ ತೊಳೆದು ಬಿಸಿಲು ಗಾಳಿ ಆಡುವಂತೆ ಮಾಡಿ.

ಕೆಲವು ಕಡೆ ಈದ ಹಸುವಿನ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುವ ಪದ್ಧತಿ ಉಂಟು. ಹಾಲು ಸುರಿಸುವ ಮರಕ್ಕೆ ಕಟ್ಟಿದರೆ ಹಸುವಿಗೂ ಹಾಲು ಹೆಚ್ಚಲಿ ಎಂಬ ಆಸೆ. ನಾಯಿಗೆ ಸಿಕ್ಕದಿರಲಿ ಎಂಬ ಜಾಣತನವೂ ಅದರಲ್ಲಿದೆ. ಆದರೆ ಕಾಗೆ ಹದ್ದುಗಳಿಗೆ ಅದು ಸಿಕ್ಕುತ್ತದಲ್ಲ. ಆಲದ ಮರದ ಬುಡದಲ್ಲೇ ಆಳವಾಗಿ ಹೂತರೆ ಪದ್ಧತಿಯೂ ಉಳಿಯಿತು, ರೋಗವೂ ಹರಡಲಿಲ್ಲ.

ಈ ರೋಗದ ಮೋಸವಿರುವುದು ಮುಂದಿನ ಭಾಗದಲ್ಲಿ. ಒಮ್ಮೆ ಕಂದು ಹಾಕಿದ ಹಸು ಮುಂದಿನ ಸಲ ಅನೇಕ ವೇಳೆ ಸರಿಯಾಗಿಯೇ ಈಯುತ್ತದೆ. ರೋಗ ವಾಸಿಯಾಯಿತೆಂದು ಮನೆಯವರಿಗೆ ಸಂತೋಷ. ವಾಸಿಯಾಗಿರುವುದಿಲ್ಲ. ಕ್ರಿಮಿ ಕೆಚ್ಚಲಿನಲ್ಲಿ ಉಳಿದು ಹಾಲಿನಲ್ಲಿ ಬರುತ್ತಲೇ ಇರುತ್ತದೆ, ಪ್ರತಿ ಈತಿನಲ್ಲೂ ಹೊರಗೆ ಬೀಳುತ್ತದೆ. ಹಸುವಿಗೆ ಇದನ್ನು ಪೂರ್ತಿ ಕಳೆಯುವ ನಂಬಬಹುದಾದ ಔಷಧವಿಲ್ಲ. ಕೆಲವರು ಅಂಥ ಹಸುವನ್ನು ಜಾತ್ರೆಗೆ ಹೊಡೆದುಕೊಂಡು ಹೋಗಿ ಮಾರಿಬಿಡುತ್ತಾರೆ. ಮಾರಿದವನ ಕಷ್ಟ ತೀರಬಹುದು. ಕೊಂಡವನ ಕೊಟ್ಟಿಗೆ ಹಾಳಾಗುತ್ತದೆ. ಹಾಗೆ ಮಾರುವುದು ತಪ್ಪು ಎಂದೇ ಈ ಲೇಖಕನ ಅಭಿಪ್ರಾಯ. ಕೊಳ್ಳುವವರೂ ಎಚ್ಚರವಾಗಿರಬೇಕು. ಹಲ್ಲು, ಸುಳಿ, ಕೆಚ್ಚಲು ನೋಡಿ ಸಾವಿರಾರು ರೂಪಾಯಿ ಎಣಿಸುವ ನಾವು ರಕ್ತ ಪರೀಕ್ಷೆ ಮಾಡಿಸಿ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. ರಕ್ತದ ಹನಿಗೆ ಗುಲಾಬಿ ಬಣ್ಣದ ದ್ರವದ ಹನಿ ಬೆರೆಸಿ ಕೆಲವೇ ನಿಮಿಷದಲ್ಲಿ ನೋಡುವ ಪರೀಕ್ಷೆ ಇದೆ. ಹಲವು ಹಸುಗಳ ಬೆರೆತ ಹಾಲಿಗೂ ಒಂದು ಪರೀಕ್ಷೆಯಿದೆ. ಬಣ್ಣದ ದ್ರವ ಹಾಕಿಟ್ಟಾಗ ಮೇಲಿನ ಕೆನೆಯಲ್ಲಿ ನೀಲಿ ಉಂಗುರ ಮೂಡಿದರೆ ಆ ಹಸುಗಳಲ್ಲಿ ಯಾವುದೋ ಒಂದಕ್ಕೆ ರೋಗವಿರಬಹುದೆಂಬ ಸೂಚನೆ. ಹೊಸ ಹಸುವನ್ನು ತಂದ ಕೂಡಲೆ ಹಳೆಯವುಗಳ ಸಾಲಿಗೆ ಕಟ್ಟದೆ, ಪರೀಕ್ಷೆಯ ಫಲ ತಿಳಿಯುವವರೆಗೆ ಬೇರೆ ಕಟ್ಟುವುದು ಲೇಸು.

ಎಲ್ಲ ಗರ್ಭಪಾತವೂ ಇದೇ ರೋಗದಿಂದಲ್ಲ. ಬೇರೆ ಕ್ರಿಮಿಗಳೂ, ಪೆಟ್ಟು, ಜ್ವರ ಮೊದಲಾದವೂ ಕಾರಣವಾಗಬಹುದು. ಪರೀಕ್ಷೆ ಬೇಕೆನ್ನುವುದು ಅದಕ್ಕಾಗಿಯೇ.

ಬೇರೆ ಕೆಲವು ದೇಶಗಳಲ್ಲಿ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹಸುವನ್ನು ಕೊಂದು, ಒಡೆಯನಿಗೆ ಪರಿಹಾರ ಕೊಟ್ಟು, ರೋಗವನ್ನು ನಿರ್ಮೂಲ ಮಾಡಿದ್ದಾರೆ. ನಮ್ಮಲ್ಲಿ ಅದು ನಡೆಯುವ ಮಾತಲ್ಲ. ನಮಗಿರುವ ಮುಖ್ಯ ಆಯುಧ ಲಸಿಕೆ. ಅದರ ಹುಟ್ಟೂ ಸ್ವಾರಸ್ಯವಾಗಿದೆ. 1923ರಲ್ಲಿ ಜಾನ್ ಬಕ್ ಎಂಬ ಅಮೇರಿಕದ ವಿಜ್ಞಾನಿ ಒಂದು ಜೆರ್ಸಿ ಹಸುವಿನ ಹಾಲಿನಿಂದ ಈ ಕ್ರಿಮಿಯನ್ನು ಬೇರ್ಪಡಿಸಿದ್ದರು. ಅದು ಪ್ರಯೋಗಶಾಲೆಯಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಬಿದ್ದಿತ್ತು. ಮತ್ತೆ ತೆಗೆದು ನೋಡಿದಾಗ ಅದರ ಕ್ರೌರ್ಯ ಇಳಿದಿತ್ತು. ರೋಗ ತರುವ ಶಕ್ತಿ ಕಡಿಮೆ, ರೋಗ ತಡೆಯುವ ಶಕ್ತಿ ಮಾತ್ರ ಉಳಿದಿತ್ತು. ಹತ್ತೊಂಬತ್ತನೆಯ ತಳಿ ಎಂಬ ಹೆಸರಿನಿಂದ ಅದೇ ಲಸಿಕೆಯಾಗಿ ಇಂದಿಗೂ ನಮ್ಮ ಕರುಗಳಿಗೆ ಬರುತ್ತಿದೆ.

2019ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರಾಣಿರೋಗ ನಿಯಂತ್ರಣ ಕಾರ್ಯಕ್ರಮದ ಪ್ರಕಾರ 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ, ಹಸುವಿನದಾಗಲಿ ಎಮ್ಮೆಯದಾಗಲಿ, ಈ ಲಸಿಕೆಯನ್ನು ಉಚಿತವಾಗಿ ಹಾಕುತ್ತಾರೆ. ಕಾಲುಬಾಯಿ ಜ್ವರದ ಲಸಿಕೆಯಂತೆ ಮತ್ತೆ ಮತ್ತೆ ಬೇಡ. ಜೀವಮಾನಕ್ಕೆ ಒಂದೇ ಸಲ. ಆ ವಯಸ್ಸು ಮೀರಿದರೆ ಏನು ಎಂದು ಕೇಳಬಹುದು. ಬೆಳೆದ ಕಡಸಿಗೆ ಹಾಕಿದರೆ ಮುಂದೆ ರಕ್ತ ಪರೀಕ್ಷೆಯಲ್ಲಿ ಕಾಣುವುದು ಲಸಿಕೆಯೋ ರೋಗವೋ ಎಂದು ಗೊತ್ತಾಗದೆ ಗೊಂದಲವಾಗುತ್ತದೆ. ಗಬ್ಬದ ಹಸುವಿಗೆ ಹಾಕಿದರಂತೂ ಲಸಿಕೆಯಿಂದಲೇ ಕಂದು ಬೀಳಬಹುದು. ಹೋರಿಗರುಗಳಿಗೆ ಬೀಜದ ಊತ ಬರುವ ಅಪಾಯವಿರುವುದರಿಂದ ಹಾಕುವುದಿಲ್ಲ. ಇದು ಜೀವವಿರುವ ಲಸಿಕೆ. ಸೂಜಿ ಮನುಷ್ಯನಿಗೆ ಚುಚ್ಚಿಕೊಂಡರೆ ಅವನಿಗೇ ರೋಗ ಬರಬಹುದು. ಆದ್ದರಿಂದ ಲಸಿಕೆಯ ದಿನ ಕರುವನ್ನು ಒದ್ದಾಡದಂತೆ ಬಿಗಿಯಾಗಿ ಹಿಡಿದುಕೊಡುವ ಹೊಣೆ ನಿಮ್ಮದು. ಖಾಲಿ ಸೀಸೆಗಳನ್ನು ಮಕ್ಕಳು ಆಟಕ್ಕೆ ಎತ್ತಿಕೊಳ್ಳದಂತೆ ನೋಡುವುದೂ ಸೇರಿ.

ಮನೆಯಲ್ಲಿ ಯಾರಿಗಾದರೂ ಜ್ವರ ವಾರಗಟ್ಟಲೆ ಬಿಡದೆ ಬರುತ್ತಿದ್ದರೆ ಆಸ್ಪತ್ರೆಯಲ್ಲಿ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ: ನಮ್ಮಲ್ಲಿ ದನವಿದೆ, ಕುರಿಯಿದೆ, ಇಂಥ ತಿಂಗಳು ಕಂದು ಹಾಕಿತ್ತು ಎಂದು. ಆ ಒಂದು ಮಾತಿನಿಂದ ಅವರ ಲಕ್ಷ್ಯ ಸರಿಯಾದ ರಕ್ತ ಪರೀಕ್ಷೆಯ ಕಡೆಗೆ ಹೋಗಬಹುದು. ಕುಮಾರಿ ಇವಾನ್ಸರ ಕಾಲದಂತಲ್ಲ, ಈಗ ಇದಕ್ಕೆ ಒಳ್ಳೆಯ ಔಷಧಗಳಿವೆ. ಸಾಮಾನ್ಯವಾಗಿ ಎರಡು ಔಷಧಗಳನ್ನು ಒಟ್ಟಿಗೆ ಆರು ವಾರ ಕೊಡುತ್ತಾರೆ. ಎರಡನೆಯ ವಾರಕ್ಕೆ ಜ್ವರ ಇಳಿದು ಮೈ ಹಗುರವಾದಾಗ ಮಾತ್ರೆ ಬಿಟ್ಟುಬಿಡುವವರೇ ಹೆಚ್ಚು. ಹಾಗೆ ಬಿಟ್ಟವರಲ್ಲಿ ರೋಗ ಮರುಕಳಿಸುತ್ತದೆ, ಬೆನ್ನುಮೂಳೆಗೆ ಕೀಲಿಗೆ ಇಳಿಯುತ್ತದೆ. ಆರು ವಾರವೆಂದರೆ ಆರು ವಾರ. ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುವುದು ಅತಿ ಅಪರೂಪ. ಆದ್ದರಿಂದ ರೋಗಿಯ ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ.

ಈಗ ನಿಮ್ಮ ಕೊಟ್ಟಿಗೆಯಲ್ಲಿರುವ ಹೆಣ್ಣುಗರುಗಳ ವಯಸ್ಸು ಲೆಕ್ಕ ಹಾಕಿ ನೋಡಿ. ನಾಲ್ಕು ತಿಂಗಳು ತುಂಬಿದ್ದರೆ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ ತಿಳಿಸಿ, ಇಲ್ಲವೇ 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ವಿಚಾರಿಸಿ. ಅದಕ್ಕೆ ಹಣ ತಗಲುವುದಿಲ್ಲ. ಕರುವಿನ ಕಿವಿಗೆ ಹನ್ನೆರಡು ಅಂಕಿಯ ಬಿಲ್ಲೆ ಹಾಕಿ ಲಸಿಕೆಯ ವಿಷಯವನ್ನು ಆ ಸಂಖ್ಯೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಆ ಬಿಲ್ಲೆಯನ್ನು ಕಿತ್ತು ಹಾಕಬೇಡಿ. ನಾಳೆ ಆ ಕರು ಹಸುವಾಗಿ ಮಾರಾಟಕ್ಕೆ ನಿಂತಾಗ ಕೊಳ್ಳುವವರು ಮೊದಲು ಕೇಳಬೇಕಾದದ್ದು ಅದನ್ನೇ.